ದುಡ್ಡು ಕೊಟ್ಟಾಗ ಯಾರೂ ಕೇಳದ ಪ್ರಶ್ನೆಗಳು

ನಮ್ಮನೇಲಿ ನಾಯಿ ಬೇಕು ಅಂತ ಹಠ ಶುರು ಮಾಡಿದ್ದು ಮಗಳು, ಆಗ ನಾಲ್ಕನೇ ಕ್ಲಾಸು. ಮೇಲಿನ ಮನೆಯವರ ಶಿಟ್ಜು, ಉದ್ದ ಕೂದಲಿನ ಪುಟ್ಟ ನಾಯಿ, ಅದನ್ನ ನೋಡಿ ನೋಡಿ ಅವಳಿಗೂ ಅದೇ ಬೇಕು. ನಮ್ಮವ್ರು ಮಾತ್ರ ಸಾಕೋದಾದ್ರೆ ಮುಧೋಳ ಸಾಕ್ಬೇಕು, ನಮ್ಮ ಕರ್ನಾಟಕದ ತಳಿ, 2005ರಲ್ಲಿ ಪೋಸ್ಟಲ್ ಸ್ಟ್ಯಾಂಪ್ ಮೇಲೆ ಬಂದಿರೋ ನಾಯಿ ಅಂತ ಭಾಷಣ. ಬಯಲಲ್ಲಿ ಮೊಲದ ಹಿಂದೆ ಓಡೋ ನಾಯೀನ ನಮ್ಮ ಎರಡು ಬೆಡ್‌ರೂಮ್ ಮನೇಲಿ ಎಲ್ಲಿ ಓಡಿಸ್ತೀರಿ, ಅಡುಗೆಮನೆಯಿಂದ ಬಾಲ್ಕನಿಗಾ ಅಂದ್ಮೇಲೆ ಸುಮ್ನಾದ್ರು.

ಕೊನೆಗೆ ಒಂದು ಪೆಟ್ ಶಾಪ್‌ಗೆ ಹೋದ್ವಿ. ಗಾಜಿನ ಡಬ್ಬದೊಳಗೆ ಪೇಪರ್ ಚೂರುಗಳ ಮೇಲೆ ಮೂರು ಮರಿ ಮಲಗಿದ್ವು. ಕೆಸಿಐ ಪೇಪರ್, ಅಂದ್ರೆ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡೋ ತಳಿ ಸರ್ಟಿಫಿಕೇಟು, ಬೇಕಂದ್ರೆ ಒಂದು ರೇಟು, ಬೇಡ ಅಂದ್ರೆ ಇನ್ನೊಂದು ರೇಟು, ಅಂಗಡಿಯವನು ಟೀವಿ ಮಾರೋ ತರ ಹೇಳ್ದ. ಪೇಪರ್ ಇಲ್ದೆ ಹದಿನೆಂಟು ಸಾವಿರ. ಯುಪಿಐ ಮಾಡಿದ್ವಿ, ಟಣ್ ಅಂತು, ಹತ್ತು ನಿಮಿಷದಲ್ಲಿ ಮರಿ ಮಗಳ ತೊಡೆ ಮೇಲೆ. ಮನೇಲಿ ಯಾರಿರ್ತೀರಿ ಹಗಲು ಹೊತ್ತು, ಮುಂಚೆ ನಾಯಿ ಸಾಕಿದ್ರಾ, ಒಂದು ಪ್ರಶ್ನೆ ಇಲ್ಲ. ನಾವೂ ಕೇಳ್ಲಿಲ್ಲ ಬಿಡಿ. ಇದರ ತಾಯಿ ಎಲ್ಲಿದೆ ಅಂತ ಕೇಳಬೇಕು ಅಂತ ನನಗೆ ಹೊಳೀಲೇ ಇಲ್ಲ.

ಅದಕ್ಕೆ ಟಾಫಿ ಅಂತ ಹೆಸರಿಟ್ವಿ. ನಾಲ್ಕನೇ ದಿನ ವಾಂತಿ, ಐದನೇ ದಿನ ರಕ್ತಬೇಧಿ. ಡಾಕ್ಟರು ಬಾಯಿ ತೆರೆದು ಹಲ್ಲು ನೋಡಿ, ಇದಕ್ಕೆ ಒಂದೂವರೆ ತಿಂಗಳೂ ತುಂಬಿಲ್ಲ ಅನ್ಸುತ್ತಮ್ಮಾ ಅಂದ್ರು. ಎರಡು ತಿಂಗಳು ಅಂದ್ರೆ ಎಂಟು ವಾರ ಆಗದ ಮರಿ ಮಾರೋ ಹಾಗೇ ಇಲ್ಲ, 2017ರ ಬ್ರೀಡಿಂಗ್ ರೂಲ್ಸ್‌ನಲ್ಲಿ ಬರೆದಿದೆ, ಅದು ನಂಗೆ ಗೊತ್ತಾಗಿದ್ದು ಆವತ್ತು, ಕ್ಲಿನಿಕ್ ಬೆಂಚಿನ ಮೇಲೆ ಕೂತು ಫೋನಲ್ಲಿ ಹುಡುಕ್ತಾ. ಪಾರ್ವೋ ಅಂತ ಟೆಸ್ಟಲ್ಲಿ ಬಂತು, ಮರಿಗಳ ಕರುಳಿಗೆ ಬರೋ ವೈರಸ್ ಕಾಯಿಲೆ. ಮೂರು ದಿನ ಬೆಳಿಗ್ಗೆ ಸಂಜೆ ಡ್ರಿಪ್, ಆ ಸಣ್ಣ ಮುಂಗಾಲಿಗೆ ಸೂಜಿ ಹಾಕಿ ಬ್ಯಾಂಡೇಜ್ ಸುತ್ತಿರೋರು, ಅದು ಎತ್ತಿ ಎತ್ತಿ ನೋಡ್ಕೊಳ್ತಿತ್ತು. ನಾಲ್ಕನೇ ದಿನ ಬೆಳಿಗ್ಗೆ ಹೋಯ್ತು. ಮಗಳು ಆ ದಿನ ಸ್ಕೂಲಿಗೆ ಹೋಗ್ಲಿಲ್ಲ, ಅದರ ಬಗ್ಗೆ ಜಾಸ್ತಿ ಬರೆಯೋಕಾಗಲ್ಲ.

ಅಂಗಡಿಯವನಿಗೆ ಫೋನ್ ಮಾಡಿದ್ರೆ ಅವನು ಹೇಳಿದ್ದು ಒಂದೇ ಮಾತು, ಮೇಡಂ ಬೇಕಾದ್ರೆ ಇನ್ನೊಂದು ಮರಿ ಹಾಫ್ ರೇಟಲ್ಲಿ ಕೊಡ್ತೀನಿ. ಮಿಕ್ಸಿ ಕೆಟ್ಟಿದ್ರೂ ಪೂರ್ತಿ ಬದಲಾಯಿಸಿ ಕೊಡ್ತಾರೆ!

ಡಾಕ್ಟರು ಇನ್ನೊಂದು ಮಾತು ಹೇಳಿ ಕಳಿಸಿದ್ರು, ಪಾರ್ವೋ ವೈರಸ್ಸು ಮನೆ ನೆಲದಲ್ಲಿ, ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ, ಬ್ಲೀಚ್ ಹಾಕಿ ತೊಳೀರಿ, ವ್ಯಾಕ್ಸಿನ್ ಪೂರ್ತಿ ಆಗದ ಮರಿ ಸದ್ಯಕ್ಕೆ ಬೇಡವೇ ಬೇಡ, ಬೇಕೇ ಬೇಕಂದ್ರೆ ವ್ಯಾಕ್ಸಿನ್ ಆಗಿರೋ ದೊಡ್ಡ ನಾಯಿ ನೋಡಿ, ಶೆಲ್ಟರ್‌ಗಳಲ್ಲಿ ಬೇಕಾದಷ್ಟಿವೆ ಅಂತ.

ಬೆಂಗಳೂರಲ್ಲಿ ಕ್ಯೂಪಾ ಅನ್ನೋ ಪ್ರಾಣಿ ರಕ್ಷಣೆ ಸಂಸ್ಥೆ 1991ರಿಂದ ಇದೆ, ಆಮೇಲೆ ಬಂದಿರೋ ಸಣ್ಣಪುಟ್ಟವು ಎಷ್ಟೋ. ನಾವು ಹೋಗಿದ್ದು ಒಂದು ಚಿಕ್ಕ ಜಾಗಕ್ಕೆ, ಊರಾಚೆ, ಕೊನೆಯ ಒಂದು ಕಿಲೋಮೀಟ್ರು ಮಣ್ಣು ರೋಡು. ಟಾಫಿ ಹೋಗಿ ಎಂಟು ತಿಂಗಳಾಗಿತ್ತು. ಗೇಟ್ ಹತ್ರ ಕಾರು ನಿಲ್ಸಿದ ತಕ್ಷಣ ನೂರು ನಾಯಿ ಒಟ್ಟಿಗೆ ಬೊಗಳೋಕೆ ಶುರು, ಫಿನಾಯಿಲ್ ವಾಸನೆ, ದೊಡ್ಡ ಪಾತ್ರೇಲಿ ಅನ್ನ ಕೋಳಿ ಬೇಯ್ತಿರೋ ವಾಸನೆ. ಬೀದಿ ನಾಯಿಗಳೇ ಇರ್ತವೆ ಅಂದ್ಕೊಂಡಿದ್ದೆ. ಒಳಗೆ ನೋಡಿದ್ರೆ ಹಸ್ಕಿ ಇದೆ, ಒಂದು ಸೇಂಟ್ ಬರ್ನಾರ್ಡ್ ಫ್ಯಾನ್ ಕೆಳಗೆ ನಾಲಿಗೆ ಚಾಚ್ಕೊಂಡು ಬಿದ್ದಿದೆ, ಶಿಟ್ಜುನೂ ಇದೆ, ಕೂದಲು ಗಂಟು ಕಟ್ಟಿ ಪೂರ್ತಿ ಬೋಳಿಸಿದ್ರು, ಮಗಳಿಗೆ ಅದು ಶಿಟ್ಜು ಅಂತಾನೇ ಗೊತ್ತಾಗ್ಲಿಲ್ಲ. ಲಾಕ್‌ಡೌನ್ ಟೈಮಲ್ಲಿ ತಗೊಂಡು, ಆಫೀಸ್ ಶುರುವಾದ್ಮೇಲೆ ಬಿಟ್ಟು ಹೋಗಿರೋವೂ ಇದ್ವು. ಮೂಲೇಲಿ ಒಂದು ಲ್ಯಾಬ್ರಡಾರ್ ಹೆಣ್ಣು, ಮೊಲೆಗಳು ನೆಲ ಮುಟ್ಟೋ ಹಾಗೆ ಜೋತಿದ್ವು. ಇದು ಬ್ರೀಡರ್ ಹತ್ರ ಇದ್ದಿದ್ದು, ಸೂಲಿನ ಮೇಲೆ ಸೂಲು ಹಾಕಿಸಿ ಇನ್ನಾಗಲ್ಲ ಅಂದ್ಮೇಲೆ ರಿಂಗ್ ರೋಡಲ್ಲಿ ಬಿಟ್ಟು ಹೋಗಿದಾರೆ ಅಂದ್ಳು ಅಲ್ಲಿದ್ದ ವಾಲಂಟಿಯರ್ ಹುಡುಗಿ. ಟಾಫಿ ತಾಯಿ ಎಲ್ಲಿತ್ತೋ ಅನ್ನೋದು ಆಗ ಹೊಳೀತು ನಂಗೆ, ಎಂಟು ತಿಂಗಳು ಲೇಟಾಗಿ.

ಮಗಳು ನಿಂತಿದ್ದು ಮಾತ್ರ ಒಂದು ಕೆಂಪು ಬಣ್ಣದ ಬೀದಿ ನಾಯಿ ಮುಂದೆ. ಎರಡು ವರ್ಷದ ಹೆಣ್ಣು, ಎಡಗಿವಿ ತುದಿ ಕತ್ತರಿಸಿದೆ. ಯಾರೋ ಹೊಡೆದಿದಾರಾ ಅಂತ ಮಗಳ ಕಣ್ಣಲ್ಲಿ ನೀರು. ಇಲ್ಲ ಪುಟ್ಟ, ಮರಿ ಆಗದ ಹಾಗೆ ಆಪರೇಷನ್ ಆಗಿದೆ ಅನ್ನೋದಕ್ಕೆ ಗುರುತು, ಪ್ರಜ್ಞೆ ತಪ್ಪಿಸಿರುವಾಗಲೇ ಕತ್ತರಿಸ್ತಾರೆ, ಮತ್ತೆ ಅದನ್ನೇ ಹಿಡ್ಕೊಂಡು ಬರಬಾರದಲ್ಲ ಅಂತ ಹುಡುಗಿ ಹೇಳಿದ್ಲು. ನಾಯಿ ಎದ್ದು ಬಂದೂ ನೋಡ್ಲಿಲ್ಲ, ಕೂತಲ್ಲೇ ಬಾಲ ಎರಡು ಸಲ ನೆಲಕ್ಕೆ ಬಡೀತು ಅಷ್ಟೇ.

ಸರಿ ಇದನ್ನೇ ಕೊಡಿ ಅಂದೆ. ನಗ್ತಾ ಒಂದು ಫಾರಂ ತಂದ್ಲು, ನಾಲ್ಕು ಪುಟ. ಬಾಡಿಗೆ ಮನೆನಾ? ಓನರ್ ಲೆಟರ್ ಎಲ್ಲಿ? ದಿನಕ್ಕೆ ಎಷ್ಟು ಗಂಟೆ ಒಂಟಿಯಾಗಿರುತ್ತೆ? ಕಟ್ಟಿ ಹಾಕ್ತೀರಾ? ಊರಿಗೆ ಹೋದಾಗ ಯಾರು ನೋಡ್ಕೋತಾರೆ? ಟ್ರಾನ್ಸ್‌ಫರ್ ಆದ್ರೆ? ನಿಮಗೆ ಇನ್ನೊಂದು ಮಗು ಆದ್ರೆ? ನಂಗೆ ಸಿಟ್ಟೇ ಬಂತು, ನನ್ನ ಮದುವೆ ಮಾತುಕತೇಲಿ ನಮ್ಮಪ್ಪ ಗಂಡಿನ ಕಡೆಯವ್ರನ್ನ ಇಷ್ಟು ಕೇಳಿರ್ಲಿಲ್ಲ. ಹಿಂದೆ ಸಾಕಿದ್ದ ನಾಯಿ ಏನಾಯ್ತು ಅನ್ನೋ ಕಾಲಂ ಹತ್ರ ಬಂದಾಗ ಪೆನ್ನು ನಿಂತ್ಹೋಯ್ತು. ಪಾರ್ವೋ ಅಂತ ಬರೆದೆ. ಅವಳು ಓದಿ ಏನೂ ಮಾತಾಡ್ಲಿಲ್ಲ, ಒಂದು ಲೋಟ ನೀರು ತಂದಿಟ್ಲು.

ಆವತ್ತು ನಾಯಿ ಕೊಡ್ಲಿಲ್ಲ. ಓನರ್ ಲೆಟರ್ ತಗೊಂಡು ಮುಂದಿನ ಭಾನುವಾರ ಬನ್ನಿ, ಮನೇಲಿರೋ ಎಲ್ಲರೂ ಬರಬೇಕು ಅಂದ್ರು. ಎಲ್ಲರೂ ಅಂದ್ರೆ ನಮ್ಮತ್ತೇನೂ. ಅರಸೀಕೆರೆ ಕಡೆ ತೋಟದ ಮನೇಲಿ ಬೆಳೆದವ್ರು, ನಾಯಿ ಮನೆಯೊಳಗೆ ಅಂದ್ರೆ ಮೈಲಿಗೆ. ಟಾಫಿಗೆ ದುಡ್ಡು ಕೊಟ್ಟಿದ್ದು ಗೊತ್ತಾದಾಗ, ನಾಯಿಗೂ ದುಡ್ಡು ಕೊಡ್ತಾರೇನಮ್ಮ, ನಮ್ಮೂರಲ್ಲಿ ಯಾರು ತಂದಿದ್ರು ನಾಯೀನ, ಕಣದ ಹತ್ರ ಬರೋದು, ಒಂದು ಮುದ್ದೆ ಹಾಕಿದ್ರೆ ಉಳ್ಕೊಳ್ಳೋದು ಅಂದಿದ್ರು. ಈ ಸಲ ದುಡ್ಡಿಲ್ಲ ಅಂತ ಹೇಳಿ ಕರ್ಕೊಂಡು ಹೋದೆ, ದಾರಿ ಪೂರ್ತಿ ಮುಖ ಊದಿಸ್ಕೊಂಡೇ ಕೂತಿದ್ರು.

ಶೆಲ್ಟರಲ್ಲಿ ಅದರ ಹೆಸರು ಲೂನಾ. ಅತ್ತೆ ನೋಡಿದ್ದೇ ತಡ, ಲೂನಾ ಗಾಡಿ ಹೆಸರಲ್ವಾ, ಇದು ಕೆಂಪಿ ಅಂದ್ರು. ಮುಗೀತು.

ಮನೆಗೆ ಬಂದ ಕೆಂಪಿ ಮೂರು ದಿನ ದಿವಾನದ ಕೆಳಗಿಂದ ಆಚೆ ಬರ್ಲಿಲ್ಲ. ಕಾರಲ್ಲಿ ವಾಂತಿ, ಕುಕ್ಕರ್ ಸೀಟಿಗೆ ನಡುಕ, ನಮ್ಮವ್ರು ಬೆಲ್ಟ್ ಬಿಚ್ಚಿದ ಸದ್ದಿಗೆ ಹೆದರಿ ಅಲ್ಲೇ ಉಚ್ಚೆ. ಬೀದಿಲಿ ಬೆಳೆದಿದ್ದು ಮನೆ ಅಂದ್ರೇನು ಅಂತ ಕಲೀಬೇಕಲ್ಲ, ಟೈಮ್ ಕೊಡಿ, ಕೈ ಹಾಕಿ ಎಳೀಬೇಡಿ ಅಂತ ಮೊದಲೇ ಹೇಳಿದ್ರು. ತಿಂಗಳಾದ್ಮೇಲೆ ಒಂದು ಸಲ ಉಣ್ಣೆ ಹುಳ ಕಚ್ಚಿ ಜ್ವರ ಬಂದು ಪ್ಲೇಟ್‌ಲೆಟ್ ಬಿದ್ದು ಡಾಕ್ಸಿಸೈಕ್ಲಿನ್ ಔಷಧಿ ನಡೀತು, ದತ್ತು ತಂದ್ರೆ ಖರ್ಚೇ ಇಲ್ಲ ಅನ್ನೋರಿಗೆ ಆ ಬಿಲ್ಲು ತೋರಿಸ್ತೀನಿ.

ಅದಾಗಿ ಒಂದು ವಾರಕ್ಕೆ ಅದೇ ವಾಲಂಟಿಯರ್ ಹುಡುಗಿ ಹೋಮ್ ವಿಸಿಟ್ ಅಂತ ಬಂದ್ಲು, ಕೈಯಲ್ಲಿ ಮತ್ತೆ ಫಾರಂ. ಬಾಗಿಲು ತೆಗೆದಿದ್ದು ಅತ್ತೆ. ಕೆಂಪಿ ಅವರ ಸೀರೆ ನೆರಿಗೆ ಹಿಂದೆ.

"ಯಾಕಮ್ಮ ಬಂದೆ, ವಾಪಸ್ ಕರ್ಕೊಂಡು ಹೋಗೋಕಾ?"

"ಇಲ್ಲ ಆಂಟಿ, ಸುಮ್ನೆ ನೋಡ್ಕೊಂಡು ಹೋಗೋಣ ಅಂತ."

"ಯಾರು ಕಳಿಸಿದ್ದು? ಯಾವೂರು ನಿಂದು? ಅಪ್ಪ ಅಮ್ಮ ಏನ್ ಮಾಡ್ತಾರೆ? ಇಷ್ಟೊಂದು ನಾಯಿ ಮಧ್ಯೆ ಒಬ್ಳೇ ಇರ್ತೀಯಲ್ಲ, ಊಟ ಯಾರು ಮಾಡಿ ಹಾಕ್ತಾರೆ ನಿಂಗೆ?"

ನಾನು ಕಾಫಿ ತರೋಷ್ಟರಲ್ಲಿ ಆ ಹುಡುಗಿ ಸೋಫಾ ತುದೀಲಿ ಕೂತು ಒಂದೊಂದಕ್ಕೂ ಉತ್ತರ ಕೊಡ್ತಿದ್ಲು, ತಿಪಟೂರು, ಅಪ್ಪಂದು ಕೊಬ್ಬರಿ ವ್ಯಾಪಾರ, ಪಿಜಿ ಊಟ ಚೆನ್ನಾಗಿಲ್ಲ. ಅತ್ತೆ ಎದ್ದು ಹೋಗಿ ಅವಳಿಗೆ ಎರಡು ನಿಪ್ಪಟ್ಟು, ಕೆಂಪಿಗೆ ಒಂದು ಹಿಡಿ ಮೊಸರನ್ನ ತಂದ್ರು. ಸಂಜೆ ಬಸ್ಸಿಂದ ಫೋನ್ ಮಾಡಿದ್ಲು, ಅಕ್ಕಾ, ಫಾರಂ ನಿಮ್ಮ ಟೀಪಾಯಿ ಮೇಲೇ ಬಿಟ್ಟು ಬಂದೆ, ನೀವೇ ತುಂಬಿಸಿ ಫೋಟೋ ಹಾಕ್ಬಿಡಿ ಅಂತ.