ತೋಪು ಗೆದ್ದಿತು ಅಂದ್ರು ಹುಡುಗರು

ಜನವರಿ 19, 2025, ಭಾನುವಾರ
ಬಳ್ಳಾರಿ

ಮರದ ಲೆಕ್ಕ ನೋಡಿದರೆ ಊರಿನ ತೋಪೇ ಗೆದ್ದಿದೆ. ತೋಪು ಅಂದರೆ ಊರಂಚಿನ ಉದ್ಯಾನ. ನಿನ್ನೆ ಅಲ್ಲಿ ಹಗ್ಗ ಕಟ್ಟಿ ಎಣಿಸಿದಾಗ ಸಿಕ್ಕ ಮರಗಳ ಬಗೆ, ಇವತ್ತು ಸಂಡೂರಿನ ಗುಡ್ಡದಲ್ಲಿ ಸಿಕ್ಕಿದ್ದಕ್ಕಿಂತ ಜಾಸ್ತಿ. ನಾನು ಪಾಠ ಮಾಡೋ ಒಂಬತ್ತನೇ ತರಗತಿಯವರಿಗೆ ಇದಕ್ಕಿಂತ ತಮಾಷೆ ಬೇಕಾ? "ಸುಮ್ನೆ ಅಷ್ಟು ದೂರ ಹೋಗಿ ಬಂದ್ವಲ್ರಿ ಮೇಡಂ" ಅಂತ ಬಸ್ಸಿನ ಹಿಂದಿನ ಸೀಟಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಕೆಲಸ ಸರಳ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲಕ್ಕೆ ಹಗ್ಗ ಎಳೆದು ಚೌಕ ಮಾಡೋದು. ಅದರೊಳಗಿನ ಮರ, ಪೊದೆ ಎಲ್ಲ ಎಣಿಸೋದು. ಮೂಲೆಯಲ್ಲಿ ಒಂದು ಮೀಟರಿನ ಪುಟ್ಟ ಚೌಕ ಮಾಡಿ ಹುಲ್ಲು, ಸಸಿ ನೋಡೋದು. ಮರದ ಸುತ್ತಳತೆಯನ್ನು ಎದೆ ಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯಬೇಕು. ಅದು ನಮ್ಮ ಕೆಲವು ಹುಡುಗಿಯರಿಗೆ ಗದ್ದದ ಹತ್ತಿರ ಬರುತ್ತೆ. ಯಾರ ಎದೆ ಮಟ್ಟ ಅಂತ ಅಲ್ಲೇ ಒಂದು ಜಗಳ ಆಯಿತು.

ಉದ್ಯಾನದಲ್ಲಿ ಗುಲ್‌ಮೊಹರ್, ಮಳೆಮರ, ಪೆಲ್ಟೋಫೋರಂ, ಬೇವು, ಹೊಂಗೆ, ಅಶೋಕ, ಬಾದಾಮಿ ಇದ್ದವು. ಪಟ್ಟಿ ಬೆಳೀತಾನೇ ಹೋಯಿತು. ಪಕ್ಕದಲ್ಲಿ ತವರು ಯಾವುದು ಅಂತಲೂ ಬರೆಯಿರಿ ಅಂದೆ. ಗುಲ್‌ಮೊಹರ್ ಮಡಗಾಸ್ಕರಿನದು, ಮಳೆಮರ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು, ಪೆಲ್ಟೋಫೋರಂ ಆಗ್ನೇಯ ಏಷ್ಯಾದ ಕಡೆಯದು. ರಾಯಚೂರಿನ ಪಾರ್ಕಿಗೆ ಹೋಗಿ, ಕೊಪ್ಪಳದ ರಸ್ತೆ ಬದಿ ನೋಡಿ, ಹೆಚ್ಚುಕಡಿಮೆ ಇವೇ ಮರಗಳು ಸಿಗುತ್ತವೆ. ಬೇಗ ಬೆಳೆಯುತ್ತವೆ, ನೆರಳು ಕೊಡುತ್ತವೆ, ಹೂ ಬಿಟ್ಟಾಗ ಚೆಂದ. ಬಳ್ಳಾರಿಯ ಬೇಸಿಗೆಯಲ್ಲಿ ನೆರಳು ಅಂದರೆ ಸಣ್ಣ ಮಾತಲ್ಲ. ಅದಕ್ಕೇ ಈ ಮರಗಳನ್ನು ಬೈಯೋಕೆ ನನಗೆ ಮನಸ್ಸು ಬರಲ್ಲ.

ಹಕ್ಕಿಗಳೂ ಇದ್ದವು. ಗೊರವಂಕ, ಪಿಕಳಾರ, ಸೂರಕ್ಕಿ, ಗಿಳಿ, ಮತ್ತೆ ಲೆಕ್ಕವಿಲ್ಲದಷ್ಟು ಪಾರಿವಾಳ. ಉದ್ಯಾನಕ್ಕೆ ದಿನಾ ನೀರು ಬಿಡುತ್ತಾರೆ, ಹಕ್ಕಿ ಬರದೇ ಇರುತ್ತಾ?

ಇವತ್ತು ತೋರಣಗಲ್ಲು ದಾಟಿ ಸಂಡೂರಿಗೆ ಹೋದೆವು. ಮೊದಲೇ ಅನುಮತಿ ತಗೊಂಡಿದ್ದರಿಂದ ಅರಣ್ಯ ಇಲಾಖೆಯ ವಾಚರ್ ಒಬ್ಬರು ಜೊತೆಗೆ ಬಂದರು. ಬಯಲಿಗಿಂತ ಇಲ್ಲಿ ಮಳೆ ಜಾಸ್ತಿ. ಆದರೂ ಜನವರಿಯ ಕಾಡು ಪೋಸ್ಟರಿನಲ್ಲಿ ಕಾಣೋ ಕಾಡಿನ ಹಾಗೆ ಇರಲ್ಲ. ಅರ್ಧ ಎಲೆ ಉದುರಿ, ಕಲ್ಲು ಕಾಣುತ್ತಿತ್ತು. "ಇದು ಕಾಡಾ?" ಅಂದಳು ಒಬ್ಬಳು. ರಸ್ತೆ ಹತ್ತಿರದ ಗಿಡಗಳ ಮೇಲೆ ಕೆಂಪು ಧೂಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿದಾಗ ಈ ಮಕ್ಕಳು ಅಂಬೆಗಾಲು ಇಡುತ್ತಿದ್ದಿರಬೇಕು. ಆಮೇಲೆ ಮಿತಿ ಹಾಕಿ ಗಣಿ ಮತ್ತೆ ಶುರುವಾಯಿತು. ಅವರು ಕಂಡಿರೋದು ಅದಿರಿನ ಲಾರಿಗಳನ್ನೇ. ಹಾಗಾಗಿ ಯಾರೂ ಮುಟ್ಟದ ಕಾಡು ಇದು ಅಂತ ನಾನು ಹೇಳಲಿಲ್ಲ. ಲಾಂಟಾನ ಅನ್ನೋ ಹೊರಗಿನ ಪೊದೆ ನುಗ್ಗಿದೆ, ಮೇಕೆ ಮೇಯುತ್ತವೆ, ಬೇಸಿಗೆಯಲ್ಲಿ ಬೆಂಕಿಯೂ ಬೀಳುತ್ತೆ.

ಚೌಕದೊಳಗೆ ದಿಂಡಿಗದ ಮರಗಳೇ ಹೆಚ್ಚು. ಕೆಳಗೆ ಬಂದರಿಕೆ ಪೊದೆ ಒತ್ತಾಗಿತ್ತು. ಅಲ್ಲೊಂದು ಕಕ್ಕೆ, ಇಲ್ಲೊಂದು ಕಗ್ಗಲಿ, ಅಂಚಿಗೆ ಒಂದು ಮುತ್ತುಗ. ಬಗೆ ಕಡಿಮೆ, ಒಂದೆರಡರದ್ದೇ ದರ್ಬಾರು.

ಬಸ್ಸಿನಲ್ಲಿ ಹೋಗುವಾಗಲೇ ಒಂದು ಆಟ ಆಡಿಸಿದ್ದೆ. ಎರಡು ಚೀಲ, ಎರಡರಲ್ಲೂ ಐದು ಮರಗಳ ಹೆಸರಿನ ಹತ್ತು ಚೀಟಿ. ಒಂದರಲ್ಲಿ ಪ್ರತಿ ಹೆಸರಿಗೆ ಎರಡೆರಡು ಚೀಟಿ. ಇನ್ನೊಂದರಲ್ಲಿ ಆರು ಚೀಟಿ ಬೇವಿನದೇ, ಉಳಿದ ನಾಲ್ಕಕ್ಕೆ ಒಂದೊಂದು. ಕಣ್ಣು ಮುಚ್ಚಿ ಎರಡು ಚೀಟಿ ಎತ್ತಿದರೆ ಒಂದೇ ಹೆಸರು ಬರುವ ಸಾಧ್ಯತೆ ಮೊದಲ ಚೀಲದಲ್ಲಿ ಒಂಬತ್ತರಲ್ಲಿ ಒಂದು, ಎರಡನೆಯದರಲ್ಲಿ ಮೂರರಲ್ಲಿ ಒಂದು. ಎರಡರಲ್ಲೂ ಇರೋದು ಐದೇ ಬಗೆ, ಆದರೂ ಇಷ್ಟು ಫರಕು. ವೈವಿಧ್ಯ ಅಳೆಯೋಕೆ ಎಡ್ವರ್ಡ್ ಸಿಂಪ್ಸನ್ ಅನ್ನೋ ಸಂಖ್ಯಾಶಾಸ್ತ್ರಜ್ಞ 1949ರಲ್ಲಿ ಕೊಟ್ಟ ಸೂಚ್ಯಂಕದ ತಿರುಳು ಇಷ್ಟೇ: ಒಂದೇ ಹೆಸರು ಬರುವ ಸಾಧ್ಯತೆ ಕಡಿಮೆಯಾದಷ್ಟೂ ವೈವಿಧ್ಯ ಜಾಸ್ತಿ. ವಾಪಸ್ ಬರುವಾಗ ಈ ಲೆಕ್ಕವನ್ನೂ ಹಾಕಿದರು. ಅದರಲ್ಲೂ ತೋಪೇ ಮುಂದೆ! ಆಗಲೇಬೇಕಲ್ವಾ? ನೆಟ್ಟವರು ನರ್ಸರಿಯಿಂದ ಅದಿಷ್ಟು ಇದಿಷ್ಟು ಅಂತ ಸಮವಾಗಿ ತಂದು ಸಾಲು ಹಿಡಿದು ನೆಟ್ಟಿದ್ದಾರೆ. ಗುಡ್ಡದಲ್ಲಿ ಹಂಚಿಕೆ ಮಾಡಿದವರು ಯಾರೂ ಇಲ್ಲ.

ಲೆಕ್ಕ ತಿರುಗಿದ್ದು ಪುಟ್ಟ ಚೌಕದಲ್ಲಿ. ಉದ್ಯಾನದ ಮರಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸು. ಅವುಗಳ ಕೆಳಗೆ ಅವುಗಳದೇ ಮರಿಗಳಿಲ್ಲ. ಮೊಳೆತರೂ ಕಿತ್ತು ಹಾಕುತ್ತಾರೆ. ಎಲೆ ದಿನಾ ಗುಡಿಸಿ ಮೂಲೆಯಲ್ಲಿ ಸುಡುತ್ತಾರೆ. ಗುಡ್ಡದ ಪುಟ್ಟ ಚೌಕದಲ್ಲಿ ಬೆರಳುದ್ದದ ಸಸಿಯಿಂದ ಮೊಣಕಾಲೆತ್ತರದ ಗಿಡದವರೆಗೆ ಎಲ್ಲ ಇದ್ದವು. ಹಗ್ಗದಾಚೆ ಒಣಗಿ ಬಿದ್ದ ಕೊಂಬೆಯೊಂದನ್ನು ಗೆದ್ದಲು ಮಣ್ಣು ಮೆತ್ತಿ ಮುಚ್ಚಿತ್ತು. ಸತ್ತ ಮರವನ್ನು ಎತ್ತಿಕೊಂಡು ಹೋಗದೆ ಬಿಟ್ಟಿರೋ ಉದ್ಯಾನ ನಾನು ಇನ್ನೂ ನೋಡಿಲ್ಲ.

ಎಲೆಗಸವನ್ನು ಎರಡೂ ಕಡೆ ಬಿಳಿ ಪಂಚೆ ಮೇಲೆ ಹರಡಿ ನೋಡಿದೆವು. ಊರಿನದರಲ್ಲಿ ಕೆಲವು ಕಪ್ಪಿರುವೆ, ಒಂದು ಗುಟ್ಕಾ ಚೀಟಿ. ಗುಡ್ಡದ್ದನ್ನು ಹರಡಿದಾಗ ಮೊದಲು ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ ಅಂದೆ. ಆಮೇಲೆ ಪಂಚೆ ಅಲ್ಲಲ್ಲಿ ಹರಿದಾಡೋಕೆ ಶುರುವಾಯಿತು. ಜೇಡ, ಸುರುಳಿ ಸುತ್ತಿದ ಸಾವಿರಕಾಲು, ಖಾಲಿಯಾದ ಬಸವನಹುಳದ ಚಿಪ್ಪು, ಎಲೆಯಲ್ಲಿ ಬಿಳಿ ಬೂಸಿನ ಎಳೆ. ಅವುಗಳ ನಡುವೆ ಎಳ್ಳುಕಾಳಿನಷ್ಟು ಪುಟ್ಟ ಪ್ರಾಣಿಯೊಂದು, ಮುಂದೆ ಚೇಳಿನಂತೆ ಎರಡು ಇಕ್ಕಳ, ಹಿಂದೆ ಬಾಲವೇ ಇಲ್ಲ. ಮುಟ್ಟಿದರೆ ಹಿಮ್ಮುಖವಾಗಿ ಓಡುತ್ತಿತ್ತು. ಹುಸಿಚೇಳು. ಕಚ್ಚುತ್ತಾ ಅಂತ ಕೇಳಿ ಹಿಂದೆ ಸರಿದಿದ್ದ ಹುಡುಗನೇ ಆಮೇಲೆ ಲೆನ್ಸು ಬಿಡಲಿಲ್ಲ. ನೋಡಿದ ಮೇಲೆ ಕಸವನ್ನು ಇದ್ದಲ್ಲಿಗೇ ಸುರಿದೆವು.

ಸ್ವಲ್ಪ ಮೇಲೆ ವಾಚರ್ ಕೋಲಿನಿಂದ ನೆಲ ತೋರಿಸಿದರು. "ನೋಡವ್ವಾ, ಕರಡಿದು. ರಾತ್ರಿ ಬಂದು ಹೋಗೈತಿ." ಕರಡಿ ಹಿಕ್ಕೆ. ಮಕ್ಕಳು ಮೊದಲು ಮೂಗು ಮುಚ್ಚಿಕೊಂಡರು, ಆಮೇಲೆ ಸುತ್ತಲೂ ಕುಕ್ಕರಗಾಲಲ್ಲಿ ಕೂತರು. ಕಡ್ಡಿಯಿಂದ ಬಿಡಿಸಿದರೆ ತುಂಬಾ ಬಾರೆಹಣ್ಣಿನ ಬೀಜ, ಜೊತೆಗೆ ಇರುವೆ ತಲೆಗಳ ಚೂರು. ಮೊನ್ನೆ ಸಂಕ್ರಾಂತಿಗೆ ನಾವು ತಿಂದದ್ದೂ ಬಾರೆಹಣ್ಣೇ ಅಲ್ವಾ? ನಾವು ಬೀಜವನ್ನು ತಟ್ಟೆಗೆ ಉಗುಳಿದೆವು. ಕರಡಿ ಗುಡ್ಡ ಹತ್ತಿ ಗೊಬ್ಬರದ ಸಮೇತ ಇಟ್ಟು ಹೋಗಿದೆ. ಕರಡಿಗಾಗಿಯೇ 1994ರಲ್ಲಿ ಘೋಷಣೆಯಾದ ದರೋಜಿ ಧಾಮ ಇಲ್ಲಿಂದ ದೂರವಿಲ್ಲ. ಮಕ್ಕಳು ಅಲ್ಲಿಗೆ ಹೋಗಿ ದೂರದಿಂದ ಕರಡಿ ನೋಡಿದವರೇ. ಆದರೆ ಕರಡಿಯ ಕೆಲಸ ನೋಡಿದ್ದು ಇವತ್ತೇ.

ಪಟ್ಟಿಯಲ್ಲಿ ಮರ ಒಂದು ಸಾಲು, ಅಷ್ಟೇ. ಅದನ್ನು ಯಾರು ತಿಂತಾರೆ, ಅದರ ಬೀಜ ಯಾರು ಒಯ್ತಾರೆ, ಬಿದ್ದ ಎಲೆ ಯಾರು ಕೊಳೆಸ್ತಾರೆ ಅನ್ನೋದು ಪಟ್ಟಿಗೆ ಬರಲ್ಲ. ಇದನ್ನು ನಾನು ವಿವರಿಸೋಕೆ ಬಾಯಿ ತೆಗೆಯುವಷ್ಟರಲ್ಲಿ ಒಬ್ಬಳು, "ಮೇಡಂ, ಸಸಿದು ಬ್ಯಾರೆ ಕಾಲಂ ಮಾಡೋಣ್ರಿ, ಕಸದ ಹುಳದ್ದು ಇನ್ನೊಂದು" ಅಂದಳು. ನನ್ನ ಭಾಷಣ ಉಳಿಯಿತು.

ಜಗಳ ಉಳಿದಿದ್ದು ಬಳ್ಳಾರಿ ಜಾಲಿ ಬಗ್ಗೆ. ಉದ್ಯಾನದ ಬೇಲಿಯಲ್ಲಿ ಯಾರೂ ನೆಡದೆ ತಾನೇ ಹುಟ್ಟಿ ಮರಿ ಹಾಕಿದ್ದು ಅದೊಂದೇ. ಹಾಗಾದ್ರೆ ಅದಕ್ಕೆ ಜಾಸ್ತಿ ಅಂಕ ಕೊಡಬೇಕಲ್ಲ ಅಂದ, ಅದೇ ಹಿಂದಿನ ಸೀಟಿನವನು. ಒಳ್ಳೆ ಪಟ್ಟು! ಅಮೆರಿಕದ ಗಿಡ, 1870ರ ದಶಕದಲ್ಲಿ ಸೌದೆಗೆ ಅಂತ ಮದ್ರಾಸ್ ಪ್ರಾಂತ್ಯಕ್ಕೆ ತಂದದ್ದು, ಬಳ್ಳಾರಿಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. ಮೇಕೆ ಕಾಯಿ ತಿಂದು ಬೀಜ ಹರಡುತ್ತೆ, ಅದರ ಬುಡದಲ್ಲಿ ಬೇರೆ ಗಿಡ ಏಳೋದು ಕಷ್ಟ ಅಂದೆ. "ನಮ್ಮಜ್ಜಿ ಒಲೆಗೆ ಅದೇ ಸೌದೆ ರೀ" ಅಂದ. ಅದೂ ನಿಜ. ಕೊನೆಗೆ ಅದನ್ನು ಎಣಿಸೋದು, ಪಕ್ಕದಲ್ಲಿ ಕೆಂಪು ಚುಕ್ಕೆ ಹಾಕೋದು ಅಂತ ತೀರ್ಮಾನವಾಯಿತು.

ಇನ್ನೊಂದು ಯೋಜನೆಯೂ ಬಸ್ಸಿನಲ್ಲೇ ಹುಟ್ಟಿತು. ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಒಂದು ಚೌಕವನ್ನು ಮುಂದಿನ ಮಳೆಗಾಲದವರೆಗೆ ಗುಡಿಸದೆ ಬಿಡೋದು, ತಿಂಗಳಿಗೊಮ್ಮೆ ಪಂಚೆ ಹಾಸಿ ನೋಡೋದು. ನಾಳೆ ಹೆಡ್ ಮೇಷ್ಟ್ರನ್ನು ಕೇಳಬೇಕು. ಹಾವು ಬರುತ್ತೆ ಅಂತಾರೆ, ಗ್ಯಾರಂಟಿ.