ಉಳಿದ ರಕ್ತ

ನಮ್ಮ ನಾಯಿ ಕರಿಯನಿಗೆ ಟಿಕ್ ಫೀವರ್, ಉಣ್ಣಿ ಕಚ್ಚಿ ಬರುವ ಜ್ವರ. ನಾಲ್ಕು ದಿನದಿಂದ ಅನ್ನ ಮುಟ್ಟಿಲ್ಲ. ಇವತ್ತು ಪ್ಲೇಟ್‌ಲೆಟ್ ನೋಡೋಕೆ ಮತ್ತೆ ರಕ್ತ ತೆಗೆದರು, ನೇರಳೆ ಮುಚ್ಚಳದ ಪುಟ್ಟ ಟ್ಯೂಬಿನಲ್ಲಿ. ಸೂಜಿ ಚುಚ್ಚುವಾಗ ನನ್ನ ಕಂಕುಳಲ್ಲಿ ಮೂತಿ ತೂರಿಸಿಕೊಂಡು ಸುಮ್ಮನಿದ್ದ.

ಆಮೇಲೆ ಡಾಕ್ಟರ್ ಕೇಳಿದರು: "ಟೆಸ್ಟ್ ಆದಮೇಲೆ ಸ್ವಲ್ಪ ಉಳಿಯುತ್ತೆ ಮೇಡಂ, ಇಲ್ಲದಿದ್ದರೆ ಬಿಸಾಕ್ತೀವಿ. ಉಣ್ಣಿಯಿಂದ ಹರಡೋ ರೋಗಗಳ ಅಧ್ಯಯನಕ್ಕೆ ಕೊಡಬಹುದಾ?" ಅದಕ್ಕಾಗಿ ಇನ್ನೊಂದು ಸಲ ಚುಚ್ಚುವುದಿಲ್ಲ, ನನ್ನ ಹೆಸರು, ಫೋನ್ ನಂಬರ್ ಎಲ್ಲೂ ಹೋಗುವುದಿಲ್ಲ, ಬೇಡ ಅಂದರೂ ಚಿಕಿತ್ಸೆ ಹೀಗೇ ನಡೆಯುತ್ತೆ ಅಂತಲೂ ಬಿಡಿಸಿ ಹೇಳಿದರು.

ಕೇಳದೇ ಇಟ್ಟುಕೊಂಡಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. 1951ರಲ್ಲಿ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ತಾಯಿಯ ಗಡ್ಡೆಯ ಜೀವಕೋಶಗಳನ್ನು ಆಕೆಯನ್ನು ಕೇಳದೆಯೇ ಸಂಶೋಧನೆಗೆ ತೆಗೆದುಕೊಂಡಿದ್ದರು. ಇಲ್ಲಿ ಒಂದು ನಾಯಿಯ ಒಂದಿಷ್ಟು ರಕ್ತಕ್ಕೆ ಕೇಳಿದರಲ್ಲ, ಮನಸ್ಸು ತುಂಬಿ ಬಂತು.

ಸಹಿ ಹಾಕಿದೆ. ಆದರೂ ಕೈ ಒಂದು ಕ್ಷಣ ತಡೆಯಿತು. ರಕ್ತ ಅವನದು, ಒಪ್ಪಿಗೆ ನನ್ನದು. ಅವನನ್ನು ಕೇಳುವ ಭಾಷೆ ನನ್ನಲ್ಲಿಲ್ಲ. ಅಧ್ಯಯನದಲ್ಲಿ ಏನು ತಿಳಿಯಿತು ಅಂತ ನಮಗೂ ಹೇಳಿ ಡಾಕ್ಟ್ರೇ ಅಂತ ಕೇಳಿಕೊಂಡು ಬಂದಿದ್ದೇನೆ.

ರಿಪೋರ್ಟ್ ಸಂಜೆ ಬರುತ್ತೆ. ಈಗಷ್ಟೇ ಎರಡು ಚಮಚ ಗಂಜಿ ನೆಕ್ಕಿದ.