ವಾಟರ್‌ಲೂ ಯಾಕೆ ಮೂರನೇದು?

ಈ ಪ್ರಶ್ನೆಗೆ ಎಷ್ಟು ಸಲ ಬಾಯಲ್ಲಿ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಬರೆದೇ ಇಡೋಣ ಅನಿಸಿತು.

ಹಳೆಯ ಯೂರೋವಿಷನ್ ಹಾಡುಗಳನ್ನು ಕೇಳೋದು ನನಗೆ ತುಂಬ ಇಷ್ಟ. ಗೊತ್ತಿಲ್ಲದವರಿಗೆ ಎರಡು ಮಾತು: 1956ರಿಂದ ನಡೆಯುತ್ತಿರುವ ಹಾಡಿನ ಸ್ಪರ್ಧೆ ಇದು. ಒಂದೊಂದು ದೇಶ ಒಂದೊಂದು ಹೊಸ ಹಾಡು ಕಳಿಸುತ್ತದೆ, ಟಿವಿಯಲ್ಲಿ ನೇರ ಪ್ರಸಾರ, ಕೊನೆಗೆ ದೇಶಗಳು ಒಬ್ಬರಿಗೊಬ್ಬರು ಪಾಯಿಂಟ್ ಕೊಡುತ್ತಾರೆ. ನಾನು ಒಂದು ವರ್ಷದ ಹಾಡುಗಳನ್ನು ತೆಗೆದುಕೊಂಡು, ಎಲ್ಲವನ್ನೂ ಹತ್ತು ಸಲವಾದರೂ ಕೇಳಿ, ನನ್ನದೇ ಪಟ್ಟಿ ಮಾಡುತ್ತೇನೆ. 1974ರ ಪಟ್ಟಿ ನೋಡಿದವರೆಲ್ಲ ಕೇಳುವುದು ಒಂದೇ. "ಅಲ್ಲ ಮಾರಾಯಾ, ಅವತ್ತು ಗೆದ್ದ ಸ್ವೀಡನ್ನಿನ ಅಬ್ಬಾ ತಂಡದ ವಾಟರ್‌ಲೂ ಮೂರನೇದಾ? ಎಲ್ಲರಿಗಿಂತ ಕೊನೆಗೆ ಬಂದ ಪೋರ್ಚುಗಲ್ ಎರಡನೇದಾ?"

ಹೌದು. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ ರಾತ್ರಿಯ ಲೆಕ್ಕ ನೋಡಿ. 1974ರ ಏಪ್ರಿಲ್ 6, ಇಂಗ್ಲೆಂಡಿನ ಕಡಲ ತೀರದ ಊರು ಬ್ರೈಟನ್. 17 ದೇಶಗಳು. ಫ್ರಾನ್ಸ್ ಕೂಡ ಬರಬೇಕಿತ್ತು, ಆದರೆ ಅಧ್ಯಕ್ಷ ಪೊಂಪಿಡು ನಾಲ್ಕು ದಿನ ಮೊದಲು ತೀರಿಕೊಂಡಿದ್ದರಿಂದ ಅವರು ಹಿಂದೆ ಸರಿದರು. ಪ್ರತಿ ದೇಶದಲ್ಲೂ 10 ತೀರ್ಪುಗಾರರು, ಒಬ್ಬೊಬ್ಬರಿಗೆ ಒಂದೇ ವೋಟು. ಅಷ್ಟೇ. ಈಗಿನ ಹಾಗೆ 12, 10, 8 ಅಂತ ಹಂಚುವುದು ಶುರುವಾಗಿದ್ದು ಮರುವರ್ಷ. ಒಟ್ಟು 170 ವೋಟು, ಅದರಲ್ಲಿ ವಾಟರ್‌ಲೂಗೆ ಬಿದ್ದದ್ದು 24. ಆತಿಥೇಯ ಬ್ರಿಟನ್ನಿನ ಹತ್ತು ಮಂದಿಯಲ್ಲಿ ಒಬ್ಬರೂ ಅದಕ್ಕೆ ವೋಟು ಹಾಕಲಿಲ್ಲ, ಆಮೇಲೆ ಅದೇ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಆ ಹಾಡು ಒಂದನೇ ಸ್ಥಾನಕ್ಕೆ ಹೋಯಿತು!

ಒಂದೇ ವೋಟು ಅಂದರೆ ಏನಾಗುತ್ತದೆ ಯೋಚಿಸಿ. ಹತ್ತೂ ಜನರಿಗೆ ಒಂದು ಹಾಡು ಎರಡನೇ ಇಷ್ಟದ ಹಾಡಾಗಿದ್ದರೆ, ಅದಕ್ಕೆ ಸಿಗುವುದು ಸೊನ್ನೆ. ಮೆಲ್ಲಗೆ ಮನಸ್ಸಿಗೆ ಇಳಿಯುವ ಹಾಡು ಇಂಥ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ತಟ್ಟನೆ ಹಿಡಿಯುವ ಹಾಡು ಗೆಲ್ಲುತ್ತದೆ. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ಸ್ಪರ್ಧೆಗೆ ಅಂಥದ್ದೊಂದು ಲೆಕ್ಕ ಬೇಕಾಗುತ್ತದೆ. ನನ್ನ ಪಟ್ಟಿಗೆ ಬೇಕಾಗಿಲ್ಲ.

ವಾಟರ್‌ಲೂ ತಟ್ಟನೆ ಹಿಡಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ವಾದ್ಯ ನಡೆಸಲು ಬಂದ ಸ್ವೆನ್-ಓಲೊಫ್ ವಾಲ್ಡಾಫ್ ನೆಪೋಲಿಯನ್ ವೇಷದಲ್ಲಿ ಬಂದು ನಿಂತರು. ತಂಡದ ಬ್ಯೋರ್ನ್ ಕೈಯಲ್ಲಿ ನಕ್ಷತ್ರದ ಆಕಾರದ ಗಿಟಾರು. ಅಗ್ನೆಥಾ ಮತ್ತು ಫ್ರೀಡಾ ಮೊದಲ ಸಾಲಿನಿಂದಲೇ ಒಟ್ಟಿಗೆ ಹಾಡುತ್ತಾರೆ, ಸ್ವಲ್ಪ ಹೊತ್ತಿಗೇ ಪಲ್ಲವಿ ಬಂದೇಬಿಡುತ್ತದೆ. 1815ರ ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್ ಸೋತ ಹಾಗೆ ನಾನು ನಿನಗೆ ಸೋತೆ, ಸೋತದ್ದೇ ಖುಷಿ ಅನ್ನುವ ಹುಡುಗಿಯ ಹಾಡು. ನಮ್ಮ ಮನೆಯಲ್ಲಿ ಮಾವನ ಅಬ್ಬಾ ಕ್ಯಾಸೆಟ್ ಒಂದಿತ್ತು, ಇಂಗ್ಲಿಷ್ ಸರಿಯಾಗಿ ಬರುವ ಮೊದಲೇ ಈ ಹಾಡು ನನಗೆ ಬಾಯಿಪಾಠ. ಹಾಗಾಗಿ ನನಗೆ ಇದರ ಮೇಲೆ ಸಿಟ್ಟೇನೂ ಇಲ್ಲ. ಅವತ್ತು ಅದು ಗೆದ್ದದ್ದು ನ್ಯಾಯ. ಆದರೆ ಕೊಡಬೇಕಾದ್ದನ್ನೆಲ್ಲ ಮೊದಲ ಸಲವೇ ಕೊಟ್ಟುಬಿಡುವ ಹಾಡು ಇದು. ಆಮೇಲೆ ಕೇಳಿದಾಗಲೂ ಅಷ್ಟೇ ಸಂತೋಷ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ನನ್ನ ಮೊದಲನೇ ಸ್ಥಾನ ಇಟಲಿಗೆ. ಜಿಲಿಯೋಲಾ ಚಿಂಕ್ವೆತ್ತಿ ಹಾಡಿದ 'ಸಿ'. ಸಿ ಅಂದರೆ ಇಟಾಲಿಯನ್ನಿನಲ್ಲಿ 'ಹೂಂ'. ಆ ರಾತ್ರಿ ಎಲ್ಲರಿಗಿಂತ ಕೊನೆಗೆ, 17ನೆಯವರಾಗಿ ಹಾಡಿದರು. 18 ವೋಟು, ಎರಡನೇ ಸ್ಥಾನ.

ಈ ಗಾಯಕಿಯ ಹಿಂದಿನ ಕಥೆ ಗೊತ್ತಿದ್ದರೆ ಹಾಡು ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಹತ್ತು ವರ್ಷ ಮೊದಲು, 1964ರಲ್ಲಿ, 16ರ ಹುಡುಗಿಯಾಗಿ ಇದೇ ಸ್ಪರ್ಧೆ ಗೆದ್ದಿದ್ದರು. ಆ ಹಾಡಿನ ಹೆಸರೇ 'ನನಗಿನ್ನೂ ವಯಸ್ಸಾಗಿಲ್ಲ', ಪ್ರೀತಿಸಲು ಇನ್ನೂ ಚಿಕ್ಕವಳು ಅಂತ. ಅದೇ ಹುಡುಗಿ 26ಕ್ಕೆ ಬಂದು 'ಹೂಂ' ಅನ್ನುತ್ತಾಳೆ. ಶುರುವಿನಲ್ಲಿ ದನಿ ಎಷ್ಟು ಸಣ್ಣದಾಗಿದೆ ಅಂದರೆ, ಹಾಡುತ್ತಿದ್ದಾರೋ ತಮಗೆ ತಾವೇ ಹೇಳಿಕೊಳ್ಳುತ್ತಿದ್ದಾರೋ ಅನ್ನಬೇಕು. ಆಮೇಲೆ ವಾದ್ಯಗಳು ಒಂದೊಂದೇ ಸೇರಿ, ದನಿ ಏರುತ್ತಾ ಏರುತ್ತಾ, ಅದೇ ಒಂದಕ್ಷರದ ಮಾತು ಪ್ರತಿ ಸಲವೂ ಬೇರೆ ತೂಕದಲ್ಲಿ ಬರುತ್ತದೆ. ಮೊದಲನೇದರಲ್ಲಿ ಅಳುಕಿದೆ. ಕೊನೆಯದರಲ್ಲಿ ಇಲ್ಲ. ಇದು ನನಗೆ ನಾಲ್ಕನೇ ಸಲ ಕೇಳಿದಾಗ ಗೊತ್ತಾಯಿತು, ಅವತ್ತಿನಿಂದ ಈ ಹಾಡು ಒಂದನೇ ಸ್ಥಾನ ಬಿಟ್ಟು ಇಳಿದಿಲ್ಲ.

ಇಂಥ ಹಾಡನ್ನು ಇಟಲಿಯ ಜನ ಅವತ್ತು ಕೇಳಲೇ ಇಲ್ಲ. ಮೇ 12ಕ್ಕೆ ಅಲ್ಲಿ ವಿಚ್ಛೇದನದ ಕಾನೂನು ರದ್ದು ಮಾಡಬೇಕೋ ಬೇಡವೋ ಅಂತ ಜನಮತ ಇತ್ತು. ರದ್ದಾಗಲಿ ಅನ್ನುವವರು 'ಸಿ' ಗುರುತಿಗೆ ವೋಟು ಹಾಕಬೇಕು. ಹಾಡಿನ ತುಂಬ 'ಸಿ, ಸಿ' ಅಂತ ಕೇಳಿ ಜನ ಅತ್ತ ವಾಲಿದರೆ ಅಂತ ಸರಕಾರಿ ವಾಹಿನಿ ರಾಯ್ ಸ್ಪರ್ಧೆಯನ್ನೇ ಪ್ರಸಾರ ಮಾಡಲಿಲ್ಲ, ಜನಮತ ಮುಗಿಯುವ ತನಕ ಹಾಡನ್ನೂ ಹಾಕಲಿಲ್ಲ. ಕೊನೆಗೆ ಸುಮಾರು 59 ಶೇಕಡ ಜನ 'ಬೇಡ' ಅಂದರು, ಕಾನೂನು ಉಳಿಯಿತು. ಒಂದು ಪ್ರೇಮಗೀತೆಗೆ ಇಷ್ಟು ಹೆದರಿದ್ದು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ, ತಮ್ಮದೇ ಗಾಯಕಿ ಅಷ್ಟು ಚೆನ್ನಾಗಿ ಹಾಡಿದ ರಾತ್ರಿ ಅದು.

ಇನ್ನು ಪೋರ್ಚುಗಲ್. ಪೌಲೊ ದೆ ಕರ್ವಾಲ್ಯೊ ಹಾಡಿದ 'ಎ ದೆಪೊಯಿಶ್ ದು ಅದೆವುಶ್', ಅಂದರೆ 'ವಿದಾಯದ ನಂತರ'. ಮೂರೇ ವೋಟು. ನಾರ್ವೆ, ಜರ್ಮನಿ, ಸ್ವಿಟ್ಜರ್‌ಲೆಂಡ್ ಜೊತೆ ಕೊನೆಯ ಸ್ಥಾನ.

ಗೊತ್ತಿರುವವರು ಇಲ್ಲಿ ತಕ್ಷಣ ಹಿಡಿಯುತ್ತಾರೆ. "ನೀನು ಇದನ್ನು ಇತಿಹಾಸಕ್ಕೆ ಮೇಲೆ ಇಟ್ಟಿದ್ದೀಯ, ಹಾಡಿಗಲ್ಲ, ಅಲ್ವಾ?" ಅಂತ. ಇತಿಹಾಸ ಸಣ್ಣದೇನಲ್ಲ. ಸ್ಪರ್ಧೆ ಮುಗಿದು 18 ದಿನಕ್ಕೆ, ಏಪ್ರಿಲ್ 24ರ ರಾತ್ರಿ 10 ಗಂಟೆ 55 ನಿಮಿಷಕ್ಕೆ, ಲಿಸ್ಬನ್ನಿನ ಒಂದು ರೇಡಿಯೋ ಕೇಂದ್ರ ಈ ಹಾಡು ಹಾಕಿತು. ಬಂಡೆದ್ದ ಸೇನಾಧಿಕಾರಿಗಳಿಗೆ ಅದು ಸಿದ್ಧರಾಗಿ ಅನ್ನುವ ಮೊದಲ ಸೂಚನೆ. ಆಗಷ್ಟೇ ಯೂರೋವಿಷನ್‌ಗೆ ಹೋಗಿ ಬಂದ ಪ್ರೇಮಗೀತೆ, ರೇಡಿಯೋದಲ್ಲಿ ಬಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಮರುದಿನ ಪೋರ್ಚುಗಲ್ಲಿನ 48 ವರ್ಷಗಳ ಸರ್ವಾಧಿಕಾರ ಬಿತ್ತು.

ನಾನು ಕಾರವಾರದವನು. ಕಾಳಿ ನದಿ ದಾಟಿ ಸ್ವಲ್ಪ ದೂರ ಹೋದರೆ ಗೋವಾ ಗಡಿ. 1961ರಲ್ಲಿ ಗೋವಾ ಭಾರತಕ್ಕೆ ಸೇರಿದರೂ ಲಿಸ್ಬನ್ನಿನ ಆ ಸರಕಾರ ಅದನ್ನು ಒಪ್ಪಿಕೊಂಡಿರಲಿಲ್ಲ. ಅದು ಬಿದ್ದ ಮೇಲೆ, 1974ರ ಡಿಸೆಂಬರ್ 31ರಂದು, ಹೊಸ ಸರಕಾರ ಒಪ್ಪಂದಕ್ಕೆ ಸಹಿ ಹಾಕಿತು. ಈ ಸಂಬಂಧ ನನಗೆ ಹೊಳೆದ ದಿನ ಹಾಡನ್ನು ಮತ್ತೆ ಹಾಕಿಕೊಂಡು ಸುಮ್ನೆ ಕೂತಿದ್ದೆ.

ಆದರೂ ಪ್ರಶ್ನೆಗೆ ಉತ್ತರ: ಇಲ್ಲ, ಇತಿಹಾಸಕ್ಕಲ್ಲ. ಈ ಕಥೆ ಗೊತ್ತಾಗುವ ಮೊದಲೇ ಅದು ನನ್ನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಬಂದಿತ್ತು. ನಾನು ಯಾರು, ಇಲ್ಲೇನು ಮಾಡುತ್ತಿದ್ದೇನೆ, ನನ್ನನ್ನು ಬಿಟ್ಟುಹೋದವರು ಯಾರು ಅಂತ ಒಬ್ಬ ಗಂಡಸು ಕೇಳಿಕೊಳ್ಳುತ್ತಾನೆ. ದನಿ ಕೆಳಗಿನಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎಲ್ಲೂ ಅಳು ಇಲ್ಲ. ನಮ್ಮಲ್ಲಿ ಒಳ್ಳೆಯ ಭಾವಗೀತೆ ಹಾಡುವವರು ದುಃಖವನ್ನು ಹೇಗೆ ಹಿಡಿದಿಟ್ಟುಕೊಂಡು ಹಾಡುತ್ತಾರೋ, ಅದೇ ಹಿಡಿತ. ಹತ್ತು ಜನರ ಒಂದೊಂದು ವೋಟಿನ ಲೆಕ್ಕದಲ್ಲಿ ಪೆಟ್ಟು ತಿನ್ನುವ ಹಾಡು ಯಾವುದು ಅಂದರೆ ನಾನು ಇದನ್ನೇ ತೋರಿಸುತ್ತೇನೆ.

ಭಾಷೆ ಗೊತ್ತಿಲ್ಲದೆ ಹೇಗೆ ಹೇಳ್ತೀಯ ಅನ್ನುವವರಿದ್ದಾರೆ. ಮೊದಲ ಐದು ಸಲ ನಾನು ಅರ್ಥ ಹುಡುಕುವುದೇ ಇಲ್ಲ. ಆಮೇಲೆ ಸಾಹಿತ್ಯದ ಅರ್ಥ ಓದಿ ಇನ್ನೈದು ಸಲ ಕೇಳುತ್ತೇನೆ. ಅರ್ಥ ಓದಿದ ಮೇಲೆ ಹಾಡು ಮೇಲೆ ಹೋದದ್ದೂ ಇದೆ, ಕೆಳಗೆ ಬಂದದ್ದೂ ಇದೆ. ಹಿಂದಿ ಬಾರದ ನಮ್ಮ ಅಜ್ಜಿ ಹಿಂದಿ ಹಾಡು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ದನಿಯಲ್ಲಿ ಇರುವುದು ಕಿವಿಗೆ ತಲುಪೇ ತಲುಪುತ್ತದೆ.

ಉಳಿದವನ್ನು ಬೇಗ ಹೇಳುತ್ತೇನೆ. ಸ್ಪೇನಿನ ಪೆರೆತ್ ಹಾಡಿದ್ದು ಕತಲಾನ್ ರುಂಬಾ, ಗಿಟಾರನ್ನು ತಂತಿಯೂ ಆಗಿ ತಾಳವಾದ್ಯವೂ ಆಗಿ ಬಡಿಯುವ ಶೈಲಿ. ಕೂತಲ್ಲಿ ಕೂರಲು ಬಿಡುವುದಿಲ್ಲ, ನನ್ನ ಪಟ್ಟಿಯಲ್ಲಿ ಆರನೇ ಸ್ಥಾನ. ಮೊನಾಕೊ ಪರವಾಗಿ ರೊಮುಆಲ್ ಹಾಡಿದ 'ಉಳಿಯುವವನು ಮತ್ತು ಹೊರಡುವವನು' ಏಳನೆಯದು, ಗಾಯನ ಗಟ್ಟಿ, ರಾಗ ಸ್ವಲ್ಪ ಊಹಿಸಿದಂತೆಯೇ ಹೋಗುತ್ತದೆ. ಸ್ಪರ್ಧೆಯಲ್ಲಿ ಮೂರನೇ ಬಂದ ನೆದರ್ಲೆಂಡ್ಸ್ ಜೋಡಿ ಮೌತ್ ಮತ್ತು ಮೆಕ್‌ನೀಲ್, ಗೊಂಬೆಗಳನ್ನಿಟ್ಟುಕೊಂಡು ಹಾಡಿದರು. ನೋಡಲು ಚೆಂದ, ಕಣ್ಣು ಮುಚ್ಚಿ ಕೇಳಿದರೆ ಅಷ್ಟಕ್ಕಷ್ಟೆ. ಯುಗೊಸ್ಲಾವಿಯಾದ ಕೊರ್ನಿ ಗ್ರೂಪಾ ಒಳ್ಳೆಯ ರಾಕ್ ತಂಡ, ಅವರ ಹಾಡಿಗೆ ಇನ್ನೂ ಜಾಸ್ತಿ ವೋಟು ಬೀಳಬೇಕಿತ್ತು.

ನನ್ನ ಪಟ್ಟಿಯ ಕೊನೆ ಬ್ರಿಟನ್. ಒಲಿವಿಯಾ ನ್ಯೂಟನ್-ಜಾನ್ ದನಿ ಅಂದರೆ ನನಗೆ ಪ್ರಾಣ, ಅದಕ್ಕೇ ಇದು ನೋವು ಕೊಡುತ್ತದೆ. ಆರು ಹಾಡುಗಳಲ್ಲಿ ಒಂದನ್ನು ಜನ ಅಂಚೆ ವೋಟಿನಲ್ಲಿ ಆರಿಸಿದ್ದರು, ಆಕೆಗೇ ಅದು ಹಿಡಿಸಿರಲಿಲ್ಲ. ಮೆರವಣಿಗೆಯ ಡೋಲಿನಂಥ ತಾಳಕ್ಕೆ ಅಷ್ಟು ಮೃದು ದನಿಯನ್ನು ಕಟ್ಟಿಹಾಕಿದ್ದಾರೆ. ಆದರೂ ಸ್ಪರ್ಧೆಯಲ್ಲಿ ನಾಲ್ಕನೇ ಸ್ಥಾನ ಬಂತು, ಅದು ಪೂರ್ತಿ ಆಕೆಯ ಹಾಡುಗಾರಿಕೆಯಿಂದ.

ನನ್ನ ಪಟ್ಟಿಯ ನಾಲ್ಕು, ಐದು ಯಾವುವು ಅಂತ ಬಿಟ್ಟಿದ್ದೇನೆ ಅಲ್ವಾ. ಅಲ್ಲಿ ಇಸ್ರೇಲಿನ ಕವೆರೆತ್ ಮತ್ತು ಗ್ರೀಸಿನ ಮರಿನೆಲ್ಲಾ ಇದ್ದಾರೆ. ಕವೆರೆತ್ ಹುಡುಗರ 'ನತತಿ ಲಾ ಖಯಾಯ್' ತಮಾಷೆಯ ಹಾಗೆ ಶುರುವಾಗಿ, ಎಲ್ಲರ ದನಿಯೂ ಒಂದಾಗುವ ಜಾಗದಲ್ಲಿ ಎದೆ ತುಂಬಿಸುತ್ತದೆ. ಮರಿನೆಲ್ಲಾ ಹಾಡು ವೈನು, ಕಡಲು ಮತ್ತು ತನ್ನ ಹುಡುಗನ ಬಗ್ಗೆ, ಜೊತೆಗೆ ಬುಜೂಕಿ ವಾದ್ಯ. ಗ್ರೀಸ್ ಈ ಸ್ಪರ್ಧೆಗೆ ಬಂದದ್ದೇ ಆ ವರ್ಷ ಮೊದಲ ಸಲ, ದೇಶ ಆಗ ಸೇನೆಯ ಕೈಯಲ್ಲಿತ್ತು, ಜುಲೈನಲ್ಲಿ ಆ ಆಡಳಿತವೂ ಬಿತ್ತು. ಈ ಎರಡು ಹಾಡು ನನ್ನಲ್ಲಿ ಜಾಗ ಬದಲಿಸುತ್ತಲೇ ಇರುತ್ತವೆ. ಮೊನ್ನೆ ಭಾನುವಾರ ಎರಡನ್ನೂ ಒಂದರ ಹಿಂದೆ ಒಂದು ಮತ್ತೆ ಕೇಳಿದೆ. ಸದ್ಯಕ್ಕೆ ಮರಿನೆಲ್ಲಾ ನಾಲ್ಕನೆಯವರು.